ಹಕ್ಕುಗಳ ಪೀಠದ ಮೂರನೆಯ ಆಸನ ಯಾರಿಗೆ?

ಕನ್ನಡನಾಡು 1956ರಲ್ಲಿ ಒಂದಾಯಿತು. ಆದರೆ ನಾಡಿಗರ ಹಕ್ಕುಗಳನ್ನು ಕಾಯತಕ್ಕ ಪೀಠದಲ್ಲಿ ಗಡಿನಾಡಿನ ಪ್ರಜೆಯ ಕಷ್ಟವನ್ನು ಬಲ್ಲವರಿಗೆ ಸ್ಥಾನವುಂಟೇ?

1993ರ ಕಾಯಿದೆಯು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಐವರನ್ನು ವಿಧಿಸಿತ್ತು. 2006ರ ತಿದ್ದುಪಡಿಯು ಮೂವರಿಗಿಳಿಸಿತು. ಅಧ್ಯಕ್ಷರು ಹಾಯಕೋರ್ಟಿನಿಂದ ಬರತಕ್ಕವರು. ಒಬ್ಬ ಸದಸ್ಯರೂ ನ್ಯಾಯಾಧೀಶರೇ. ಇದಕ್ಕೆ ನಮ್ಮ ತಕರಾರಿಲ್ಲ. ಸಾಕ್ಷ್ಯವನ್ನು ತೂಗಲು ಪಳಗಿದ ಕೈ ಬೇಕೇ ಬೇಕು. ಉಳಿದುದು ಒಂದೇ ಆಸನ. ಅದಕ್ಕೆ ಮಾನವ ಹಕ್ಕುಗಳ ಜ್ಞಾನ ಅಥವಾ ಅನುಭವವಿದ್ದರೆ ಸಾಕಂತೆ! ಆ 'ಅಥವಾ' ಎಂಬ ಬಾಗಿಲಿನಿಂದ ಯಾರು ಬೇಕಾದರೂ ಒಳನುಗ್ಗಬಹುದು. ಕಾಯಿದೆಯನ್ನು ಬಲ್ಲವರು ಇಬ್ಬರಿರುವಾಗ, ಮೂರನೆಯವರಿಗೆ ಅನುಭವವೇ ಅರ್ಹತೆಯಾಗಬಾರದೇಕೆ?

ನಾವು ಬೇಡುವದು ಇಂಥವರನ್ನು: ಹಿಂಡಲಗಾ ಸೆರೆಮನೆಯ ಕೈದಿಯ ಅಹವಾಲನ್ನು ಕೇಳಿದವರು; ಖಾನಾಪುರದ ಭೀಮಗಡ ಅರಣ್ಯದ ಹಳ್ಳಿಗಳನ್ನು ಕಾಲ್ನಡಿಗೆಯಿಂದ ಕಂಡವರು; ದೂರುದಾರನ ಆಡುಮಾತು ಕನ್ನಡವಿರಲಿ, ಮರಾಠಿಯಿರಲಿ, ಅದರ ನೋವನ್ನು ತಿಳಿಯುವವರು.

ರಾಜ್ಯಪಾಲರಿಗೆ ಹೆಸರುಗಳನ್ನು ಶಿಫಾರಸು ಮಾಡುವ ಸಮಿತಿಯಲ್ಲಿ ಮುಖ್ಯಮಂತ್ರಿಗಳಿಗೂ ಸ್ಥಾನವಿದೆ, ವಿರೋಧಪಕ್ಷದ ನಾಯಕರಿಗೂ ಸ್ಥಾನವಿದೆ. ಹೊಣೆಯಿಂದ ಯಾರೂ ಜಾರಲಾರರು. ಆರಿಸಿದವರ ಪೂರ್ವಚರಿತ್ರೆಯನ್ನೂ ಆರಿಸಿದ ಕಾರಣವನ್ನೂ ಅವರು ಪ್ರಕಟಿಸಲಿ. ಪೊಲೀಸರ ಮೇಲಿನ ದೂರನ್ನು ವಿಚಾರಿಸುವವರು ಎಂಥವರೆಂದು ತಿಳಿಯುವದು ಪ್ರಜೆಯ ಮೊದಲ ಹಕ್ಕು. ಹಿಂದವಾಡಿಯ ನಾಗರಿಕರೇ, ಶಿಕ್ಷಕಬಂಧುಗಳೇ, ಸಭೆಸಭೆಗಳಲ್ಲಿ ಈ ಗೊತ್ತುವಳಿಯನ್ನು ಪಾಸುಮಾಡಿರಿ!