ಒರಗು ಬೈಸಿಕಲ್ಲೂ ನಮ್ಮ ಕುಶಲಕರ್ಮಿಗಳೂ

1933ನೆಯ ಇಸವಿಯ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು, ಒರಗಿ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಬೈಸಿಕಲ್ಲಿನ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರು ಕ್ರಮಿಸಿ, 1914ರಿಂದ ಅಚಲವಾಗಿದ್ದ ಆಸ್ಕರ್ ಎಗ್ಗನ ದಾಖಲೆಯನ್ನು ಮುರಿದನು. ಫೋರ್ ಮೊದಲ ತರಗತಿಯ ಸವಾರನಲ್ಲ. ಗೆಲವಿನ ಬಹುಭಾಗವು ಶಾರ್ಲ್ ಮೋಶೆ ರಚಿಸಿದ ಯಂತ್ರಕ್ಕೇ ಸಲ್ಲತಕ್ಕುದು. ಆದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದವರು ಮಾಡಿದುದೇನು? 1934ರಲ್ಲಿ ಬೈಸಿಕಲ್ಲಿನ ಲಕ್ಷಣವನ್ನೇ ತಿದ್ದಿ ಬರೆದು, ಆ ಯಂತ್ರವನ್ನು ಪಂದ್ಯದ ಕಣದಿಂದ ಹೊರದೂಡಿದರು! ದೊಡ್ಡ ಕಾರ್ಖಾನೆಗಳು ಇದರ ಕಡೆಗೆ ಕಣ್ಣೆತ್ತಿ ನೋಡದಿರುವುದಕ್ಕೆ ಈ ನಿರ್ಣಯವೂ ಒಂದು ಕಾರಣವೆಂದು ನಾವು ಎಣಿಸುತ್ತೇವೆ.

ಸಮನೆಲದಲ್ಲಿ ವೇಗವಾಗಿ ಹೋಗುವ ಸವಾರನ ಶ್ರಮದ ಬಹ್ವಂಶವು ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುವುದು. ಒರಗಿದ ದೇಹವು ಗಾಳಿಗೆ ಕಡಿಮೆ ಎದುರಾಗುತ್ತದೆ. ಬೆನ್ನು ಮಣಿಕಟ್ಟುಗಳಿಗೂ ಬಾಧೆಯಿಲ್ಲ. ಇದಕ್ಕೆ ಚಿಪ್ಪಿನಂಥ ಹೊದಿಕೆ ತೊಡಿಸಿದರೆ ವೆಲೊಮೊಬೈಲ್ ಆಯಿತು. ಪರದೇಶದಿಂದ ತರಿಸುವುದಾದರೆ ಅದರ ಬೆಲೆ ಹಲವು ಲಕ್ಷ ರೂಪಾಯಿಗಳು. ಬೆನ್ನುನೋವಿನಿಂದ ಸೈಕಲ್ ಬಿಟ್ಟ ಗುಮಾಸ್ತನಿಗೆ ಇದರಿಂದೇನು ಪ್ರಯೋಜನ?

ಆದುದರಿಂದ ಇದನ್ನು ನಮ್ಮಲ್ಲಿಯೇ ಕಟ್ಟಬೇಕೆಂಬುದು ನಮ್ಮ ವಾದ. ಗುಜರಿ ಅಂಗಡಿಯ ಎರಡು ಹಳೆಯ ಸೈಕಲ್ಲುಗಳೂ ಮಕ್ಕಳ ಸೈಕಲ್ಲಿನ 20 ಇಂಚಿನ ಒಂದು ಚಕ್ರವೂ ದೊರೆತರೆ ಮುಖ್ಯ ಸಾಮಗ್ರಿ ಸಿದ್ಧವಾದಂತೆ. ಒಂದರಿಂದ ಹಿಂಭಾಗದ ಚೌಕಟ್ಟನ್ನೂ ಹ್ಯಾಂಡಲ್ ಕೂರುವ ಕೊಳವೆಯನ್ನೂ, ಇನ್ನೊಂದರಿಂದ ಪೆಡಲಿನ ಅಚ್ಚು ಕೂರುವ ಗೂಡನ್ನೂ ಕತ್ತರಿಸಿ, ನಡುವೆ ಉಕ್ಕಿನ ಚೌಕಕೊಳವೆಯನ್ನು ಬೆಸೆಯಬೇಕು. ಕೊಳವೆ ತೆಳುವಾದುದರಿಂದ ಕಿಟಕಿಯ ಸರಳುಗಳಿಗೆ ಮಾಡುವಂತೆ ಅವಸರದಲ್ಲಿ ವೆಲ್ಡಿಂಗ್ ಮಾಡಿದರೆ ತೂತು ಬೀಳುವುದು. ಪಳಗಿದ ಕೈಯೇ ಬೇಕು, ಅಥವಾ ಗ್ಯಾಸಿನ ಹಿತ್ತಾಳೆ ಬೆಸುಗೆಯಾಗಬೇಕು. ಪೆಡಲು ಮುಂದಕ್ಕೆ ಹೋಗುವುದರಿಂದ ಸರಪಳಿಯು ಎರಡೂವರೆ ಮೂರು ಸೈಕಲ್ಲುಗಳಷ್ಟು ಉದ್ದವಾಗುತ್ತದೆ. ಅದು ಜೋಲದಂತೆ ನಡುವೆ ಒಂದು ಗಾಲಿ ಬೇಕು. ಆಸನಕ್ಕೆ ಬೆತ್ತದ ಹೆಣಿಗೆಗಿಂತ ಉತ್ತಮವಾದುದಿಲ್ಲ. ಬೆನ್ನಿಗೆ ಗಾಳಿಯಾಡುತ್ತದೆ, ಹೆಣೆಯುವವರೂ ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ.

ಚಿಪ್ಪಿನ ವಿಷಯದಲ್ಲಿ ನಮಗೆ ಅಷ್ಟು ಉತ್ಸಾಹವಿಲ್ಲ. ಶೀತದೇಶದವರಿಗೆ ಸುಖವಾದ ಆ ಗೂಡು ರಾಯಚೂರಿನ ವೈಶಾಖದಲ್ಲಿ ಒಲೆಯಾದೀತು. ಮಳೆಗೊಂದು ಮೇಲ್ಛಾವಣಿ, ಮುಂದೊಂದು ಹಗುರವಾದ ತಡೆ, ಇಷ್ಟು ಸಾಕು. ತಗ್ಗಾದ ವಾಹನವು ಲಾರಿಯ ಚಾಲಕನಿಗೆ ಕಾಣದೆಂಬ ಆಕ್ಷೇಪವು ನಿಜವಾದುದೇ. ಆದುದರಿಂದ ಆಸನವು ಕುರ್ಚಿಯ ಎತ್ತರಕ್ಕಿರಲಿ, ವೇಗ ಸ್ವಲ್ಪ ತಗ್ಗಿದರೂ ಚಿಂತೆಯಿಲ್ಲ. ಏರುದಾರಿಯಲ್ಲಿ ಎದ್ದು ನಿಂತು ತುಳಿಯಲಾಗದು. ಅದಕ್ಕಾಗಿ ಹಗುರವಾದ ಗಿಯರು ಅವಶ್ಯ.

ನಕ್ಷೆಗಳನ್ನು ಹಂಚಿದ ಮಾತ್ರಕ್ಕೆ ಕಾರ್ಯ ಕೈಗೂಡದು. 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ‘ಫ್ಯಾಂಟಮ್’ ಎಂಬ ಇಂಥ ವಾಹನದ ನಕ್ಷೆಗಳು ಸಹಸ್ರಾರು ಮಾರಾಟವಾದವು. ಕಟ್ಟಿ ಮುಗಿಸಿದವರು ಕೆಲವರೇ. ಪಕ್ಕದಲ್ಲಿ ನಿಂತು ತೋರಿಸುವವರು ಬೇಕು. ನಮ್ಮ ಪಾಲಿಟೆಕ್ನಿಕ್ಕುಗಳೂ ಐ.ಟಿ.ಐ.ಗಳೂ ರಜೆಯ ದಿನಗಳಲ್ಲಿ ಕಾರ್ಯಾಗಾರಗಳನ್ನು ಊರಿನ ಬಡಗಿ, ಕಮ್ಮಾರ, ಸೈಕಲ್ ರಿಪೇರಿಯವರಿಗೆ ತೆರೆದಿಡಬಾರದೇಕೆ? ವಿದ್ಯಾರ್ಥಿಯ ಲೆಕ್ಕಾಚಾರವೂ ಕೆಲಸಗಾರನ ಕೈಯೂ ಒಂದೆಡೆ ಕೂಡದೆ ಹೋಗುತ್ತಿರುವುದು ಈ ನಾಡಿನ ಹಳೆಯ ರೋಗ.

1929ರಲ್ಲಿ ಅಖಿಲ ಭಾರತ ಚರಖಾ ಸಂಘದವರು ಉತ್ತಮವಾದ ಚರಖಕ್ಕೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿದಾಗ, ಅದು ಭಾರತದಲ್ಲಿಯೇ ತಯಾರಾಗಬೇಕು, ಬೆಲೆ 150 ರೂಪಾಯಿ ಮೀರಬಾರದು ಎಂದು ಮೊದಲೇ ಕಟ್ಟುಮಾಡಿದ್ದರು. ನಮ್ಮ ಸರ್ಕಾರವೂ ಅಂಥದೊಂದು ಸ್ಪರ್ಧೆಯನ್ನು ಏರ್ಪಡಿಸಲಿ. ಒಂದು ಸಾಧಾರಣ ಹೊಸ ಸೈಕಲ್ಲಿನ ಬೆಲೆಯೇ ವೆಚ್ಚದ ಮಿತಿಯಾಗಿರಲಿ. ಪ್ರತಿಯೊಂದು ಭಾಗವೂ ತಾಲ್ಲೂಕು ಪೇಟೆಯಲ್ಲಿ ದೊರೆಯುವಂಥದಾಗಿರಲಿ. ತೂಗಿ ನಿಲ್ಲಲಾರದ ಅಂಗವಿಕಲರಿಗಾಗಿ ಮೂರು ಚಕ್ರದ ಮಾದರಿಗೆ ಪ್ರತ್ಯೇಕ ಬಹುಮಾನವಿರಲಿ. ಎರಡು ಬ್ರೇಕುಗಳೂ ಒಂದನ್ನೊಂದು ಆಶ್ರಯಿಸದೆ ಇಳಿಜಾರಿನಲ್ಲಿ ಹಿಡಿಯುತ್ತವೆಂದು ತೋರಿಸದ ಯಂತ್ರವನ್ನು, ಅದೆಷ್ಟೇ ಸುಂದರವಾಗಿದ್ದರೂ, ಪರೀಕ್ಷಕರು ಹಿಂದಕ್ಕೆ ಕಳುಹಿಸಲಿ.