ಎರಡು ಲಕ್ಷ ಓಡಿದ ಕಾರು, ಕೊಟ್ಟಿಗೆಯ ಎರಡು ಹಸು

ಈಚೆಗೆ ಯಾವ ಊರಿನ ಕೊಟ್ಟಿಗೆಗೆ ಹೋದರೂ ಹಸುವಿನ ವಿಷಯ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತಿದೆ. "ಡಾಕ್ಟ್ರಮ್ಮಾ, ನಮ್ಮ ಹುಡುಗ ಒಂದು ಹಳೇ ಡೀಸೆಲ್ ಕಾರು ನೋಡ್ಕೊಂಡು ಬಂದವನೆ. ಎರಡು ಲಕ್ಷ ಓಡೈತಂತೆ. ತಗೋಬಹುದಾ?" ನಾನು ಓದಿದ್ದು ಪಶುವೈದ್ಯ, ಮೆಕ್ಯಾನಿಕ್ ಕೆಲಸವಲ್ಲ. ಆದರೂ ಕೇಳುತ್ತೀರಿ, ಏಕೆಂದರೆ ನಾನು ನಿಮ್ಮೂರಿಗೆ ಬರುವುದೂ ಅಂಥದೇ ಕಾರಿನಲ್ಲಿ. ನಾಲ್ಕು ವರ್ಷದ ಹಿಂದೆ ಕೊಂಡಾಗ ಅದು 1,42,000 ಕಿ.ಮೀ. ಓಡಿತ್ತು, ಈಗ 2,34,000 ದಾಟಿದೆ. ಹಾಗಾಗಿ ಈ ಸಲ ಜಂತುಹುಳು, ಕೆಚ್ಚಲುಬಾವು ಬಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ಲಕ್ಷ ಎಂಬ ಅಂಕಿಯೊಂದಕ್ಕೇ ಹೆದರಬೇಡಿ. ತಿಂಗಳಿಗೆ ನೀವು ಎಷ್ಟು ಓಡಿಸುತ್ತೀರಿ, ಅದಕ್ಕೆ ಹಣ ಎಲ್ಲಿಂದ ತರುತ್ತೀರಿ, ಈ ಎರಡನ್ನು ನೋಡಿ. ಕರೆಯುವ ಹಸು ಮಾರಿ ತರುವುದಾದರೆ ಕಾರು ಬೇಡವೇ ಬೇಡ.

ಅಂಕಿಗೆ ಏಕೆ ಹೆದರಬೇಡಿ ಎನ್ನುತ್ತೇನೆಂದರೆ, ಹಸು ಕೊಳ್ಳುವಾಗ ನೀವು ಸೂಲು ಎಷ್ಟು ಎಂದು ಕೇಳಿ ಅಷ್ಟಕ್ಕೇ ತೀರ್ಮಾನ ಮಾಡುವುದಿಲ್ಲ. ಐದನೇ ಸೂಲಿನಲ್ಲೂ ನಾಲ್ಕು ಮೊಲೆಯೂ ಚೆನ್ನಾಗಿದ್ದು ಎರಡು ಹೊತ್ತಿಗೆ ಹನ್ನೆರಡು ಲೀಟರ್ ಕೊಡುವ ಹಸು ಉಂಟು. ಎರಡನೇ ಸೂಲಿಗೇ ಕೆಚ್ಚಲುಬಾವು ಬಂದು ಒಂದು ಮೊಲೆ ಬತ್ತಿದ ಹಸುವೂ ಉಂಟು. ಡೀಸೆಲ್ ಎಂಜಿನ್ ಹಾಗೆಯೇ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಬದಲಿಸಿ ಹೆದ್ದಾರಿಯಲ್ಲಿ ಓಡಿಸಿದ ಕಾರು ಎರಡು ಲಕ್ಷಕ್ಕೆ ಸೋಲುವುದಿಲ್ಲ. ಮೂರು ಲಕ್ಷ ದಾಟಿಯೂ ಓಡುವ ಟ್ಯಾಕ್ಸಿಗಳನ್ನು ನೀವೇ ನೋಡಿದ್ದೀರಿ. ಪೇಟೆಯಲ್ಲಿ ಗಳಿಗೆಗೊಮ್ಮೆ ಕ್ಲಚ್ ತುಳಿದು, ಆಯಿಲ್ ಬದಲಿಸದೆ 80,000 ಓಡಿಸಿದ ಕಾರು ಅದಕ್ಕಿಂತ ಕೆಟ್ಟದ್ದಾಗಿರಬಹುದು. ಅದೂ ಅಲ್ಲದೆ, ಮೀಟರಿನ ಅಂಕಿಯನ್ನೇ ಹಿಂದಕ್ಕೆ ತಿರುಗಿಸುವವರಿದ್ದಾರೆ. ಸಂತೆಯಲ್ಲಿ ಕೊಂಬು ಹೆರೆದು, ಎಣ್ಣೆ ಹಚ್ಚಿ ವಯಸ್ಸು ಮುಚ್ಚುವುದು ಹೇಗೋ ಇದೂ ಹಾಗೆ. ಕೊಂಬು ಸುಳ್ಳು ಹೇಳಿದರೆ ನೀವು ಹಲ್ಲು ನೋಡುತ್ತೀರಲ್ಲ? ಕಾರಿನ ಹಲ್ಲು ಎಂದರೆ ಕಾಲಿನಡಿಯ ಪೆಡಲ್ ರಬ್ಬರು, ಗೇರಿನ ಗುಂಡು, ಸ್ಟೀರಿಂಗು, ಡ್ರೈವರ್ ಸೀಟಿನ ಅಂಚು. ಅವು ಸವೆದು ನುಣ್ಣಗಾಗಿದ್ದು ಮೀಟರು ಮಾತ್ರ 60,000 ತೋರಿಸಿದರೆ ಎದ್ದು ಬನ್ನಿ.

ಈಗ ಲೆಕ್ಕಕ್ಕೆ ಬರೋಣ. ಡೇರಿಯ ಪಾಸ್ ಪುಸ್ತಕದ ಹಿಂದಿನ ಪುಟದಲ್ಲೇ ಬರೆದುಕೊಳ್ಳಿ.

ನಮ್ಮ ಬಹುತೇಕ ಮನೆಗಳಲ್ಲಿ ಕಾರು ತಿಂಗಳಿಗೆ 400 ಕಿ.ಮೀ. ಓಡಿದರೆ ಹೆಚ್ಚು: ಒಂದು ಮದುವೆ, ಒಂದು ಆಸ್ಪತ್ರೆ, ನಾಲ್ಕು ಸಲ ತಾಲ್ಲೂಕು ಪೇಟೆ. ಹಳೇ ಡೀಸೆಲ್ ಕಾರು ಹಳ್ಳಿ ರಸ್ತೆಯಲ್ಲಿ ಲೀಟರಿಗೆ 18 ಕಿ.ಮೀ. ಕೊಡುತ್ತದೆ, ಡೀಸೆಲ್ ಲೀಟರಿಗೆ 91 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ 24,000. ಇದರ ಮೇಲೆ ವಿಮೆ, ಎರಡು ಸರ್ವಿಸ್, ಟೈರು ಬ್ಯಾಟರಿಗೆಂದು ತೆಗೆದಿಡುವ ಪಾಲು ಸೇರಿ ಇನ್ನೊಂದು 30,000. ಒಟ್ಟು 54,000 ರೂಪಾಯಿಗೆ ವರ್ಷದಲ್ಲಿ ನೀವು ಓಡಿದ್ದು 4,800 ಕಿ.ಮೀ. ಎಂದರೆ ಕಿ.ಮೀ.ಗೆ ಹನ್ನೊಂದು ರೂಪಾಯಿ ಮೇಲಾಯಿತು. ಬಾಡಿಗೆ ಕಾರಿನವನು ಕೇಳುವುದೂ ಹೆಚ್ಚು ಕಡಿಮೆ ಅಷ್ಟೇ. ಅವನ ಕಾರಿಗೆ ನೀವು ಎರಡೂವರೆ ಲಕ್ಷ ಹಾಕಿರುವುದಿಲ್ಲ, ಅಷ್ಟೇ ವ್ಯತ್ಯಾಸ. ವರ್ಷದಲ್ಲಿ ಒಂದೇ ಒಂದು ದೊಡ್ಡ ರಿಪೇರಿ, 30,000 ರೂಪಾಯಿಯದು ಬಂತೆನ್ನಿ, ಕಿ.ಮೀ.ಗೆ ಹದಿನೇಳೂವರೆ. ನಮಗಂತೂ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ.

"ಡೀಸೆಲ್ ಅಗ್ಗ ಅಲ್ವಾ" ಎನ್ನುತ್ತೀರಿ. 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಹೋಲಿಸಿದರೆ, ಪೆಟ್ರೋಲ್ 103 ರೂಪಾಯಿ ಎಂದುಕೊಂಡರೂ, 400 ಕಿ.ಮೀ.ಗೆ ಉಳಿಯುವುದು ತಿಂಗಳಿಗೆ 700 ಚಿಲ್ಲರೆ. ಡೀಸೆಲ್ ಎಂಜಿನ್ನಿನ ಇಂಜೆಕ್ಟರು, ಟರ್ಬೊ ಕೈಕೊಟ್ಟರೆ ಖರ್ಚು ಹತ್ತಾರು ಸಾವಿರದಲ್ಲಿ ಬರುತ್ತದೆ. ಐದಾರು ವರ್ಷ ಉಳಿಸಿದ್ದು ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. ನನ್ನ ಲೆಕ್ಕ ಬೇರೆ ಏಕೆಂದರೆ ರೂಟು, ತುರ್ತು ಕರೆ ಎಲ್ಲ ಸೇರಿ ನಾನು ತಿಂಗಳಿಗೆ ಎರಡು ಸಾವಿರ ಕಿ.ಮೀ. ಹತ್ತಿರ ಓಡುತ್ತೇನೆ. ಕ್ಲಚ್ ಹಾಕಿಸಿದ್ದು, ಒಮ್ಮೆ ರೇಡಿಯೇಟರ್ ಸೋರಿದ್ದು ಎಲ್ಲ ಸೇರಿಸಿಯೂ ನನಗೆ ಕಿ.ಮೀ.ಗೆ ಎಂಟು ರೂಪಾಯಿ ಬೀಳುತ್ತದೆ. ನನ್ನ ಕಾರು ನೋಡಿ ನೀವು ಕೊಳ್ಳಬಾರದು ಎನ್ನುವುದು ಇದಕ್ಕೇ.

ಕಳೆದ ವರ್ಷ ನಮ್ಮ ಸಂಘಗಳೊಂದರ ಸದಸ್ಯೆಯೊಬ್ಬರ ಮನೆಯಲ್ಲಿ ನಡೆದದ್ದು ಹೇಳಬೇಕು. ಹೆಸರು, ಊರು ಬೇಡ. ನಾಲ್ಕು ಎಚ್‌ಎಫ್ ಮಿಶ್ರತಳಿ ಹಸು, ದಿನಕ್ಕೆ 38 ಲೀಟರ್ ಹಾಲು ಹಾಕುತ್ತಿದ್ದರು. ಮಗ 1,80,000 ಓಡಿದ ಡೀಸೆಲ್ ಕಾರು ಹುಡುಕಿದ. ಬೆಲೆ 2,60,000. ಮೂರನೇ ಸೂಲಿನ ಎರಡು ಹಸು ಮಾರಿ 1,40,000 ಬಂತು, ಉಳಿದದ್ದು ಅಮ್ಮನ ಹೆಸರಿನಲ್ಲಿ ಮಹಿಳಾ ಸಂಘದ ಸಾಲ. ಆರ್‌ಸಿ ಮಾತ್ರ ಮಗನ ಹೆಸರಿಗೆ. ಮರುವಾರ ಡೇರಿಗೆ ಹಾಲು 17 ಲೀಟರಿಗೆ ಇಳಿಯಿತು. ಹೋದ 21 ಲೀಟರಿಗೆ 35 ರೂಪಾಯಿಯಂತೆ ಹಾಕಿ, ಹಿಂಡಿ ಬೂಸಾ ಔಷಧಿಗೆಂದು ಅರ್ಧ ಕಳೆದರೂ ತಿಂಗಳಿಗೆ 11,000 ರೂಪಾಯಿ ನಿಂತುಹೋಯಿತು. ಕಾರಿನ ಕಂತಿಗಿಂತ ದೊಡ್ಡ ಕಂತು ಅದು, ಆದರೆ ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಬಾಡಿಗೆಗೆ ಓಡಿಸಿ ತೀರಿಸುತ್ತೇನೆ ಎಂದಿದ್ದ ಹುಡುಗ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದಂಡದ ಮಾತು ಹಾಗಿರಲಿ, ಬಾಡಿಗೆಗೆ ಹೋದಾಗ ಅಪಘಾತವಾದರೆ ವಿಮೆಯವರು ಹಣ ಕೊಡಲು ತಕರಾರು ತೆಗೆಯುತ್ತಾರೆ. ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ. ಆರು ತಿಂಗಳಿಗೆ ಇಂಜೆಕ್ಟರ್ ಹೋಯಿತು, ಮೆಕ್ಯಾನಿಕ್ 48,000 ಹೇಳಿದ. ನಾನು ಹೋದಾಗ ಕಾರು ಹುಲ್ಲಿನ ಬಣವೆ ಪಕ್ಕ ನಿಂತಿತ್ತು, ಅಡಿಯಲ್ಲಿ ಕೋಳಿ ಕಾವು ಕೂತಿತ್ತು. ಆ ತಾಯಿ ನಗುತ್ತಲೇ "ಡಾಕ್ಟ್ರಮ್ಮಾ, ಇದಕ್ಕೂ ಒಂದು ಇಂಜೆಕ್ಷನ್ ಕೊಟ್ಟು ಹೋಗಿ" ಅಂದರು. ನನಗೆ ನಗು ಬರಲಿಲ್ಲ. ಆ ಎರಡು ಹಸುಗಳಲ್ಲಿ ಒಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಾಗ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತವರು ಅವರೇ. ಮಾರುವ ದಿನ ಅವರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ.

ಹಾಗೆಂದು ಎಲ್ಲರಿಗೂ ಬೇಡ ಎನ್ನುವವಳಲ್ಲ ನಾನು. ಅರಸೀಕೆರೆ ಕಡೆ ಒಂದು ಮನೆಯಲ್ಲಿ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹಾಸನಕ್ಕೆ ಹೋಗಿ ಬರಲು 90 ಕಿ.ಮೀ., ಬಾಡಿಗೆ ಕಾರಿಗೆ ಕಾಯುವುದೂ ಸೇರಿ ಒಂದು ಸಲಕ್ಕೆ 1,800. ತಿಂಗಳಿಗೆ 15,000 ರೂಪಾಯಿ ಮೇಲೆ ಹೋಗುತ್ತಿತ್ತು, ರೋಗಿಯನ್ನು ಬಸ್ಸಿನಲ್ಲಿ ನಿಲ್ಲಿಸಿ ಕರೆತರಲು ಆಗುವುದಿಲ್ಲ. ಅವರು ಕೇಳಿದಾಗ ಕೊಳ್ಳಿ ಎಂದೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ, ಗುರುತಿನವರು ಸ್ವಂತಕ್ಕೆ ಓಡಿಸಿದ್ದ 1,75,000 ಕಿ.ಮೀ.ನ ಕಾರು ತಂದರು. ಡೀಸೆಲ್ಲು, ವಿಮೆ, ಸರ್ವಿಸ್ ಎಲ್ಲ ಸೇರಿ ತಿಂಗಳಿಗೆ 7,000ದಲ್ಲಿ ನಡೆಯುತ್ತಿದೆ. ಹಸು ಕೊಟ್ಟಿಗೆಯಲ್ಲೇ ಇವೆ.

ನಿಮ್ಮ ಲೆಕ್ಕವೂ ಹಾಗೆ ಕೂಡಿ ಬಂದರೆ, ನೋಡಲು ಹೋಗುವಾಗ ಹಸು ಕೊಳ್ಳುವ ಬುದ್ಧಿಯನ್ನೇ ಜೊತೆಗೆ ಒಯ್ಯಿರಿ. ಒಂದು ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ಸಂತೆಗೆ ತರುವುದು ನಿಮಗೆ ಗೊತ್ತು. ಅದಕ್ಕೇ ನೀವು ಎರಡು ಮೂರು ಹೊತ್ತು ಎದುರಿಗೇ ಕರೆಸಿ ನೋಡುತ್ತೀರಿ. ಕಾರು ಮಾರುವವನು ನೀವು ಬರುವ ಮುಂಚೆಯೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿರುತ್ತಾನೆ, ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಕೊಳ್ಳುತ್ತದೆ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ "ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲೀತನಕ ಮುಟ್ಟಬೇಡಿ" ಎಂದು ಹೇಳಿ ಬನ್ನಿ. ತಣ್ಣಗಿದ್ದಾಗ ಒಂದೇ ಸಲಕ್ಕೆ ಹತ್ತಬೇಕು. ಹತ್ತಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆ ಇಂಜೆಕ್ಟರ್ ಅಥವಾ ಗಾಳಿಯ ತೊಂದರೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಯಿಲ್ ಕಪ್ಪಗಿದೆ ಎಂದು ಗಾಬರಿ ಬೇಡ, ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ. ಹಾಲು ಹಾಕಿದ ಕಾಫಿಯಂತೆ ಕಂಡರೆ ಮಾತ್ರ ಆಯಿಲಿಗೆ ನೀರು ಬೆರೆತಿದೆ, ಅಲ್ಲಿಗೆ ವ್ಯಾಪಾರ ಮುಗಿಯಿತು. ನಿಮ್ಮ ಕಡೆಯ ಮೆಕ್ಯಾನಿಕ್ಕಿಗೆ ಐನೂರು ಸಾವಿರ ಕೊಟ್ಟು ಕರೆದೊಯ್ಯಲು ಜಿಪುಣತನ ಮಾಡಬೇಡಿ. ಮಾರುವವನು ತೋರಿಸಿದ ಮೆಕ್ಯಾನಿಕ್ ಬೇಡ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರಾದರೆ ಇನ್ನೊಂದು ಮಾತು: ಹೊಗೆಯ ಮಸಿ ಹಿಡಿಯಲು ಅದರಲ್ಲೊಂದು ಫಿಲ್ಟರ್ ಇರುತ್ತದೆ, ಆಗಾಗ ದೂರ ಓಡಿಸಿದರೆ ಮಾತ್ರ ಅದು ಸ್ವಚ್ಛವಾಗುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಓಡುವವರಿಗೆ ಆ ಕಾರು ಒಗ್ಗುವುದಿಲ್ಲ.

ಹೊರ ರಾಜ್ಯದ ನಂಬರಿನ ಕಾರು ಅಗ್ಗ ಎಂದು ಕೊಂಡಾಡುತ್ತಾರೆ. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ವಿರುದ್ಧ ಆದೇಶ ಮಾಡಿದ ಮೇಲೆ ಅಲ್ಲಿಯ ಕಾರುಗಳು ಬೇರೆ ರಾಜ್ಯಗಳಿಗೆ ಹರಿದವು. ತಂದವರು ಅಲ್ಲಿಯ ಎನ್‌ಒಸಿ ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು, ಹೊಸ ನಂಬರು ಹಾಕಿಸಬೇಕು. ಅಗ್ಗ ಎಂದದ್ದು ಅಲ್ಲೇ ಕರಗುತ್ತದೆ. ನಮ್ಮ ಕೆಎ ನಂಬರಿನದಾದರೂ ನೋಂದಣಿ ದಿನಾಂಕ ನೋಡಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ, ನವೀಕರಣ ಶುಲ್ಕ, ಹಸಿರು ತೆರಿಗೆ ಕಟ್ಟಬೇಕು. 13 ವರ್ಷದ ಕಾರು ಕೊಂಡರೆ ಆ ಖರ್ಚು ನಿಮ್ಮ ತಲೆಗೇ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ಪತ್ರ, ಫಾರಂ 35 ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ. ವರ್ಗಾವಣೆಗೆ ಫಾರಂ 29, 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನಿಮ್ಮ ಹೆಸರಿಗೆ ಎಂದು ಬೇಕೆಂದೇ ಬರೆದಿದ್ದೇನೆ. ಹಾಲಿನ ಬಟವಾಡೆಯಿಂದ ಒಂದು ರೂಪಾಯಿ ಹೋದರೂ ಆರ್‌ಸಿ ಅಮ್ಮನ ಹೆಸರಿಗೆ ಆಗಲಿ. ಓಡಿಸುವವರು ಯಾರೇ ಇರಲಿ, ಮಾರುವಾಗ ಸಹಿ ನಿಮ್ಮದೇ ಬೇಕಾಗುತ್ತದೆ.

ಇನ್ನೊಂದು, ಇದು ಪಶುವೈದ್ಯೆಯಾಗಿ: ಕಾರು ಬಂತೆಂದು ಡಿಕ್ಕಿಯಲ್ಲಿ ಹಾಲಿನ ಕ್ಯಾನು, ಪಕ್ಕದಲ್ಲಿ ಡೀಸೆಲ್ ಡಬ್ಬ ಇಡಬೇಡಿ. ಹಾಲು ವಾಸನೆ ಹೀರುತ್ತದೆ. ಡಿಕ್ಕಿ ಮುಚ್ಚಿ ಕರು ಸಾಗಿಸಿದವರನ್ನೂ ನೋಡಿದ್ದೇನೆ, ಅದಂತೂ ಬೇಡ.

ಮುಂದಿನ ಸಲ ನಾನು ರೂಟಿಗೆ ಬಂದಾಗ ನೋಡಿದ ಕಾರಿನ ನಂಬರು ಬರೆದಿಟ್ಟುಕೊಂಡಿರಿ. ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಂದಣಿ, ವಿಮೆಯ ವಿವರ ಒಟ್ಟಿಗೇ ನೋಡೋಣ. ತಿಂಗಳಿಗೆ ಎಷ್ಟು ಕಿ.ಮೀ. ಎಂಬ ಲೆಕ್ಕವನ್ನು ಮಾತ್ರ ನೀವೇ ಮಾಡಿಟ್ಟಿರಿ, ಮಗನ ಕೈಲಿ ಮಾಡಿಸಬೇಡಿ.