ಪಕ್ಕದ್ಮನೆಯವರು ಮಾಡ್ತಿದ್ದ ಕೆಲಸ

ದೀಪಾವಳಿ, ಯುಗಾದಿ, ಲಾಂಗ್ ವೀಕೆಂಡ್ ಯಾವುದೇ ಬರಲಿ, ಬೆಂಗಳೂರಿನ ಅರ್ಧ ಜನ ಬ್ಯಾಗ್ ಹೆಗಲಿಗೇರಿಸಿ ಊರಿಗೆ ಹೊರಟುಬಿಡ್ತಾರೆ. ಹೇಗೋ ಬಸ್ ಸಿಗುತ್ತೆ, ಮ್ಯಾನೇಜರನ್ನ ಕಾಡಿಬೇಡಿದ್ರೆ ರಜೆನೂ ಸಿಗುತ್ತೆ. ನಾಯಿನೋ ಬೆಕ್ಕೋ ಸಾಕಿದವರಿಗೆ ಮಾತ್ರ ಒಂದು ಪ್ರಶ್ನೆ ಹಾಗೇ ಉಳಿದಿರುತ್ತೆ: ‘ಇದನ್ನ ಯಾರ ಹತ್ರ ಬಿಟ್ಟು ಹೋಗೋದು?’

ಈ ಪ್ರಶ್ನೆಯಿಂದ ಒಂದು ಕೆಲಸವೇ ಹುಟ್ಟಿಕೊಂಡಿದೆ. ಹೆಸರು ಪೆಟ್ ಸಿಟ್ಟಿಂಗ್. ಮನೆಯವರು ಇಲ್ಲದಾಗ ಅವರ ಮನೆಗೆ ಹೋಗಿ ಪ್ರಾಣಿಗೆ ಊಟ ಹಾಕೋದು, ವಾಕಿಂಗ್ ಮಾಡಿಸೋದು, ಬೇಕಾದ್ರೆ ರಾತ್ರಿ ಅಲ್ಲೇ ಉಳಿಯೋದು. ಎರಡು ವರ್ಷದಿಂದ ನಾನೂ ಇದನ್ನ ಮಾಡ್ತಿದೀನಿ. ಸೋಮವಾರದಿಂದ ಶುಕ್ರವಾರದವರೆಗೆ ಕೋಡ್, ತಿಂಗಳಲ್ಲಿ ಎರಡು ವಾರಾಂತ್ಯ ಬೇರೆಯವರ ನಾಯಿ, ಬೆಕ್ಕು.

ನಮ್ಮೂರು ಸಾಗರದ ಹತ್ತಿರ. ಅಲ್ಲಿ ಈ ಕೆಲಸಕ್ಕೆ ಹೆಸರೇ ಇಲ್ಲ. ಮದುವೆಗೋ ಆಸ್ಪತ್ರೆಗೋ ಮನೆಮಂದಿಯೆಲ್ಲ ಹೋಗಬೇಕಾದ್ರೆ, ಬೇಲಿ ಆಚೆಯಿಂದ ‘ಅಕ್ಕಾ, ಕಾಳುಗೆ ಒಂಚೂರು ಅನ್ನ ಹಾಕ್ತಿರಿ’ ಅಂದ್ರೆ ಮುಗೀತು. ಆ ಅಕ್ಕನಿಗೆ ಕಾಳು ಹುಟ್ಟಿದಾಗಿನಿಂದ ಗೊತ್ತು. ಅದು ಊಟ ಬಿಟ್ರೆ ಯಾಕೆ ಬಿಡ್ತು ಅಂತಾನೂ ಗೊತ್ತು.

ಬೆಂಗಳೂರಿಗೆ ಬಂದ ಮೊದಲ ವರ್ಷ ನಾನಿದ್ದ ಪಿ.ಜಿ.ಯಲ್ಲಿ ಪ್ರಾಣಿ ಸಾಕೋ ಹಾಗಿರಲಿಲ್ಲ. ಆಮೇಲೆ ಇಬ್ಬರು ಗೆಳತಿಯರ ಜೊತೆ ಫ್ಲಾಟ್ ಮಾಡಿದೆ. ಅದೇ ಅಪಾರ್ಟ್‌ಮೆಂಟ್‌ನ ನಾಲ್ಕನೇ ಮಹಡಿಯ ದಂಪತಿ ನಾನು ಅವರ ಬೀಗಲ್ ಜೊತೆ ಲಿಫ್ಟ್‌ನಲ್ಲಿ ಮಾತಾಡೋದನ್ನ ನೋಡಿ, ‘ಎರಡು ದಿನ ನೋಡ್ಕೊಳ್ತೀರಾ? ದುಡ್ಡು ಕೊಡ್ತೀವಿ’ ಅಂದ್ರು. ಶುರುವಾಗಿದ್ದು ಹಾಗೆ.

ಅಮ್ಮನಿಗೆ ಫೋನಲ್ಲಿ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, ‘ಅಲ್ವೇ, ಬಿ.ಇ. ಓದಿಸಿದ್ದು ಬೇರೆಯವರ ನಾಯಿ ಕಾಯೋಕಾ?’

ಅಮ್ಮನ ಪ್ರಶ್ನೆ ನನಗೆ ತಪ್ಪು ಅನ್ನಿಸಲಿಲ್ಲ. ಹೊರಗಿನಿಂದ ನೋಡಿದ್ರೆ ಇದು ನಾಯಿ ಜೊತೆ ಆಟ ಆಡಿ ದುಡ್ಡು ತಗೊಳ್ಳೋ ಕೆಲಸ. ಆಟ ಇರೋದು ಅರ್ಧ ಗಂಟೆ. ಉಳಿದದ್ದೆಲ್ಲ ಲೆಕ್ಕ: ಎಷ್ಟು ತಿಂತು, ಎಷ್ಟು ನೀರು ಕುಡೀತು, ಎಷ್ಟು ಸಲ ಹೊರಗೆ ಹೋಯ್ತು. ಊರಿನ ಅಕ್ಕನಿಗೆ ಹತ್ತು ವರ್ಷದ ಪರಿಚಯದಿಂದ ತಿಳಿದಿದ್ದನ್ನ ನಾನು ಎರಡು ದಿನದಲ್ಲಿ ತಿಳ್ಕೋಬೇಕು. ಅದಕ್ಕೆ ಇರೋದು ಒಂದೇ ದಾರಿ: ಮೊದಲೇ ಕೇಳಿ, ಬರೆದಿಟ್ಕೊಳ್ಳೋದು.

ಹಾಗೆ ಬರೆದಿಟ್ಟದ್ದು ಎಷ್ಟು ಕೆಲಸಕ್ಕೆ ಬರುತ್ತೆ ಅಂತ ತೋರಿಸಿಕೊಟ್ಟಿದ್ದು ಬೋಂಡಾ ಅನ್ನೋ ಗಂಡು ಬೆಕ್ಕು. ಬನಶಂಕರಿಯ ಒಬ್ಬ ಅಕ್ಕನ ಬೆಕ್ಕದು. ಅವರು ವಿದೇಶಕ್ಕೆ ಹೊರಟಿದ್ರು. ನಾನು ದಿನಾ ಎರಡು ಸಲ ಹೋಗಿ ಊಟ ಹಾಕಿ, ಲಿಟರ್ ಕ್ಲೀನ್ ಮಾಡಬೇಕಿತ್ತು. ಬೆಕ್ಕು ಮೂತ್ರ ಮಾಡಿದ ಕಡೆ ಲಿಟರ್ ಮರಳು ಉಂಡೆ ಕಟ್ಟುತ್ತೆ. ನಾನು ಆ ಉಂಡೆಗಳನ್ನ ಎಣಿಸಿ ಫೋನಲ್ಲಿ ನೋಟ್ ಮಾಡ್ತೀನಿ. ಮೊದಲ ದಿನ ಮೂರು. ಎರಡನೇ ದಿನ ಬೆಳಿಗ್ಗೆ ಗೋಲಿ ಗಾತ್ರದ್ದು ಒಂದು. ಸಂಜೆ ಏನೂ ಇಲ್ಲ. ಬೋಂಡಾ ಮಾತ್ರ ಡಬ್ಬಿಗೆ ಹೋಗಿ ಕೂರುತ್ತೆ, ಸಣ್ಣಗೆ ಕೂಗುತ್ತೆ, ಎದ್ದು ಬರುತ್ತೆ, ಮತ್ತೆ ಹೋಗಿ ಕೂರುತ್ತೆ.

ಗಂಡು ಬೆಕ್ಕುಗಳ ಮೂತ್ರನಾಳ ತುಂಬಾ ಕಿರಿದು. ಅದು ಕಟ್ಟಿಕೊಂಡ್ರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ನೋಡೋಕೆ ಮಲಬದ್ಧತೆ ಥರ ಕಾಣೋದ್ರಿಂದ ಎಷ್ಟೋ ಜನ ‘ನಾಳೆ ನೋಡೋಣ’ ಅಂತ ಸುಮ್ಮನಾಗ್ತಾರೆ. ನಾನು ಅಕ್ಕನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅವರು ವಿಮಾನದಲ್ಲಿದ್ರು, ಇಳಿಯೋಕೆ ಇನ್ನೂ ಆರು ಗಂಟೆ ಇತ್ತು.

ಹೊರಡೋ ಮೊದಲು ಅವರ ಕೈಲಿ ಒಂದು ಹಾಳೆ ಬರೆಸಿಕೊಂಡಿದ್ದೆ. ಡಾಕ್ಟರ ನಂಬರ್, ರಾತ್ರಿ ತೆರೆದಿರೋ ಆಸ್ಪತ್ರೆಯ ವಿಳಾಸ, ಕೆಳಗೆ ಎರಡು ಸಾಲು: ‘ನಾನು ಸಿಗದಿದ್ದರೆ ಚಿಕಿತ್ಸೆಗೆ ಇವರೇ ಒಪ್ಪಿಗೆ ಕೊಡಬಹುದು. 20,000 ರೂಪಾಯಿವರೆಗೆ ನನ್ನನ್ನು ಕೇಳುವ ಅಗತ್ಯವಿಲ್ಲ.’ ಬರೆಸಿಕೊಳ್ಳುವಾಗ ಅಕ್ಕ ನಕ್ಕಿದ್ರು, ‘ಏನಮ್ಮಾ, ವಿಲ್ ಬರೆಸಿಕೊಳ್ತಿದೀಯಾ?’ ಅಂತ. ಆ ರಾತ್ರಿ ಬೋಂಡಾನ ಕ್ಯಾರಿಯರ್‌ನಲ್ಲಿ ಹಾಕ್ಕೊಂಡು ಆಟೋ ಹತ್ತಿದಾಗ ನನ್ನ ಧೈರ್ಯಕ್ಕೆ ಇದ್ದಿದ್ದು ಆ ಹಾಳೆ ಒಂದೇ. ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿ, ಬ್ಲಾಡರ್ ಕಲ್ಲಿನ ಹಾಗಾಗಿದೆ ಅಂದ್ರು. ಒಪ್ಪಿಗೆ ಪತ್ರ ಓದಿ ತಕ್ಷಣ ಟ್ಯೂಬ್ ಹಾಕಿದ್ರು. ಅಕ್ಕ ವಿಮಾನ ಇಳಿದು ಫೋನ್ ಆನ್ ಮಾಡುವಾಗ ಬೋಂಡಾ ಡ್ರಿಪ್ ಹಾಕಿಸ್ಕೊಂಡು ಮಲಗಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು.

ಮಾರನೇ ದಿನ ಬೆಳಿಗ್ಗೆ ಅಮ್ಮನಿಗೆ ಎಲ್ಲಾ ಹೇಳಿದೆ. ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಅವರದೇ ಫೋನ್. ಗಾಬರಿಯಾಗಿ ಎತ್ತಿದ್ರೆ, ‘ಬೆಕ್ಕು ಉಚ್ಚೆ ಹೊಯ್ತೇನೇ?’ ಅಂದ್ರು. ಬಿ.ಇ. ವಿಷಯ ಆಮೇಲೆ ಅವರು ಎತ್ತಿಲ್ಲ.

ನಿಮಗೂ ಈ ಕೆಲಸ ಶುರು ಮಾಡೋ ಯೋಚನೆ ಇದ್ರೆ ನಾನು ಪಾಲಿಸೋ ಕೆಲವು ಸಂಗತಿ ಹೇಳ್ತೀನಿ.

ಮೊದಲು ನಿಮ್ಮ ಆಫೀಸಿನ ಆಫರ್ ಲೆಟರ್ ಓದಿ. ಬೇರೆ ಯಾವ ಸಂಪಾದನೆಯನ್ನೂ ಮಾಡಬಾರದು ಅಂತ ಷರತ್ತು ಹಾಕೋ ಕಂಪನಿಗಳಿವೆ. ನಾನು ಎಚ್.ಆರ್.ಗೆ ಇ-ಮೇಲ್ ಬರೆದು, ಲಿಖಿತ ಒಪ್ಪಿಗೆ ತಗೊಂಡೇ ಮುಂದುವರಿದೆ.

ಎರಡನೇದು ನಿಮ್ಮ ಆರೋಗ್ಯ. ಪ್ರಾಣಿಗಳ ಜೊತೆ ಕೆಲಸ ಮಾಡುವವರು ಕಚ್ಚಿಸಿಕೊಳ್ಳೋ ಮೊದಲೇ ರೇಬೀಸ್ ಲಸಿಕೆ ಹಾಕಿಸ್ಕೋಬಹುದು. 0, 7, ಮತ್ತೆ 21 ಅಥವಾ 28ನೇ ದಿನ, ಒಟ್ಟು ಮೂರು ಡೋಸ್. ಹಾಗಂತ ಕಚ್ಚಿದಾಗ ಸುಮ್ಮನಿರೋ ಹಾಗಿಲ್ಲ. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ನಾಯಿಯ ಲಸಿಕೆ ಪುಸ್ತಕ ನೋಡದೆ ನಾನು ಯಾವ ಕೆಲಸವನ್ನೂ ಒಪ್ಪಲ್ಲ.

ಮೂರನೇದು ಮೊದಲ ಭೇಟಿ. ಮನೆಯವರು ಇರುವಾಗಲೇ ಒಂದು ಸಲ ಹೋಗಿ, ನಾಯಿಯನ್ನ ಅವರ ಜೊತೆಗೇ ವಾಕಿಂಗ್ ಕರ್ಕೊಂಡು ಹೋಗಿ. ಯಾವ ಶಬ್ದಕ್ಕೆ ಹೆದರುತ್ತೆ, ಬೆಲ್ಟಿನಿಂದ ನುಸುಳಿಕೊಳ್ಳುತ್ತಾ, ಯಾವ ಬಾಗಿಲು ತೆಗೆದಿಟ್ರೆ ಓಡುತ್ತೆ, ಎಲ್ಲ ಕೇಳಿ. ಮನೆಯಲ್ಲಿ ಕ್ಯಾಮೆರಾ ಎಲ್ಲೆಲ್ಲಿದೆ ಅಂತಾನೂ ಮುಜುಗರ ಇಲ್ಲದೆ ಕೇಳಿ, ರಾತ್ರಿ ಉಳಿಯೋರು ನೀವು. ನಾನು ವಿಳಾಸವನ್ನ ಫ್ಲಾಟ್‌ಮೇಟ್‌ಗಳಿಗೆ ಕಳಿಸದೆ ಯಾರ ಮನೆಗೂ ಹೋಗಲ್ಲ.

ಊಟದ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ಪಕ್ಕಕ್ಕಿಡಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರನ್ನ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೆಕ್ಕಿಗೆ ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ರೆ ಪ್ರಾಣವೇ ಹೋಗುತ್ತೆ. ಮನೆಯಲ್ಲಿ ಲಿಲ್ಲಿ ಹೂವಿನ ಬೊಕ್ಕೆ ಇದ್ರೆ ಹೊರಗಿಡಿಸಿ, ಬೆಕ್ಕಿನ ಕಿಡ್ನಿಗೆ ಅದು ಮಾರಕ.

ಇನ್ನು ಗೇಟಿನ ಸೆಕ್ಯುರಿಟಿ ಅಥವಾ ಅಸೋಸಿಯೇಷನ್‌ನವರು ‘ನಾಯಿನ ಲಿಫ್ಟ್‌ನಲ್ಲಿ ತರಬೇಡಿ’ ಅಂತ ಅಡ್ಡ ಹಾಕ್ತಾರೆ. ಲಿಫ್ಟ್ ಬಳಕೆ ತಡೆಯುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರತಿ ನನ್ನ ಫೋನಲ್ಲಿದೆ. ಆದ್ರೆ ಜಗಳಕ್ಕಿಂತ ಮೊದಲು ನಾನು ತೋರಿಸೋದು ಕೈಲಿರೋ ಕವರನ್ನ. ನಾಯಿ ಮಾಡಿದ ಗಲೀಜು ಎತ್ತುವವರು ಅಂತ ಗೊತ್ತಾದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ದುಡ್ಡಿನ ಮಾತು ಮೊದಲೇ ಆಡಿ. ಒಂದು ಭೇಟಿಗೆ ನಾನು 400 ರೂಪಾಯಿ ತಗೋತೀನಿ, ರಾತ್ರಿ ಉಳಿದ್ರೆ 1,200. ಮೊದಮೊದಲು ಕೇಳೋಕೆ ನಾಚಿಕೆ ಆಗ್ತಿತ್ತು, ಪ್ರಾಣಿ ಪ್ರೀತಿಗೆ ಬೆಲೆ ಕಟ್ಟಿದ ಹಾಗೆ. ಈಗ ಆಗಲ್ಲ. ಸಂಜೆ ಏಳಕ್ಕೆ ಬರ್ತೀನಿ ಅಂದ್ರೆ ಮಳೆ ಬಂದ್ರೂ, ರಿಲೀಸ್ ಇದ್ರೂ ಏಳಕ್ಕೆ ಅಲ್ಲಿರ್ತೀನಿ. ಆ ದುಡ್ಡು ಅದಕ್ಕೆ.

ಶುರು ಮಾಡೋಕೆ ಆ್ಯಪು, ಜಾಹೀರಾತು ಏನೂ ಬೇಕಿಲ್ಲ. ನಿಮ್ಮದೇ ಮಹಡಿಯಲ್ಲಿ ಯಾರ ಮನೆಯಿಂದ ಬೊಗಳೋ ಸದ್ದು ಬರುತ್ತೆ ನೋಡಿ. ಈ ಭಾನುವಾರ ಹೋಗಿ ಬೆಲ್ ಮಾಡಿ, ಹೆಸರು ಹೇಳಿ ಪರಿಚಯ ಮಾಡ್ಕೊಳ್ಳಿ. ಮುಂದಿನ ಹಬ್ಬಕ್ಕೆ ಅವರೂ ಊರಿಗೆ ಹೋಗೋರೇ ಇರ್ತಾರೆ.